ಮೈನೋದ್ದೀನನ ಝೆನಾನು

ಮೇಲವಂಕಿಯಲ್ಲಿ ಒಬ್ಬ ಮನುಷ್ಯ ಸತ್ತು, ತನ್ನ ಸಾವಿನ ಸುದ್ದಿಯನ್ನು ತಾನೇ ಫೋನು ಮಾಡಿ ತಿಳಿಸಿ, ಹೊತ್ತು ಮುಳುಗುವ ವೇಳೆಗೆ ತನ್ನ ಹೆಣವನ್ನು ತಾನೇ ಕಾರಿನಲ್ಲಿ ಹಾಕಿಕೊಂಡು ಮನೆಗೆ ಬಂದ ಎಂದರೆ ನೀವು ನಂಬುವುದಿಲ್ಲ. ನಾನೂ ನಂಬುತ್ತಿರಲಿಲ್ಲ. ಆದರೆ ಆ ಸುದ್ದಿಯನ್ನು ಊರಿಗೆಲ್ಲ ಹಬ್ಬಿಸಿದವನು ನಾನೇ ಆದ್ದರಿಂದ ನಂಬದೆ ಗತಿಯಿರಲಿಲ್ಲ.

ನನ್ನ ಹೆಸರು ಯಲ್ಲಾಲಿಂಗ. ಊರಿನ ಹಿಟ್ಟಿನ ಗಿರಣಿ ನನ್ನದು. ಮೂವತ್ತು ವರ್ಷ ಬೆಲ್ಟಿನ ಸದ್ದು ಕೇಳಿ ನನ್ನ ಕಿವಿ ಮಂದವಾಗಿದೆ ಎಂದು ಹೆಂಡತಿ ಭರಮವ್ವ ಹೇಳುತ್ತಾಳಂತೆ. ಅವಳು ಹೇಳಿದ್ದು ನನಗೆ ಎಂದೂ ಸರಿಯಾಗಿ ಕೇಳಿಸಿಲ್ಲ.

ಗಿರಣಿಯ ಗೋಡೆಗೆ ಗೋಡೆ ಹಚ್ಚಿ ಮೈನೋದ್ದೀನನ ಮನೆ. ಅರಳೆ ಹಿಂಜಿ ಗಾದಿ ಹೊಲಿಯುವುದು ಅವರ ಹಳೆಯ ಕಸುಬು; ಸುತ್ತ ಹತ್ತೂರಿನ ಮದುಮಕ್ಕಳು ಮಲಗಿದ್ದು ಇವನ ಗಾದಿಯ ಮೇಲೆಯೇ. ಹೆಂಡತಿ ತೀರಿ ಆರು ವರ್ಷ. ಮನೆಯಲ್ಲಿ ಮೂವರೇ: ಇವನು, ಮಗಳು ಉಜ್ಮಾ, ತಾಯಿ ಮೈನಾಬಿ. ಮೈನಾಬಿ ಆಯಿಗೆ ಎರಡೂ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಯಿತು. ಆಪರೇಶನ್ ಎಂದರೆ, “ನನ್ನ ಕಣ್ಣಿಗೆ ಚಾಕು ಹಚ್ಚಾವ ಇನ್ನಾ ಹುಟ್ಟಿಲ್ಲ” ಎನ್ನುತ್ತಾಳೆ. ಜನರನ್ನು ಅವಳು ಹೆಜ್ಜೆಯ ಸಪ್ಪಳದಿಂದ ಗುರುತು ಹಿಡಿಯುತ್ತಾಳೆ.

ಇಂಥ ಮೈನೋದ್ದೀನ ಕಳೆದ ವರ್ಷ ಕೊಲ್ಲಾಪುರದಿಂದ ಒಂದು ಹಳೆಯ ದೊಡ್ಡ ಕಾರು ತಂದ. ಮಾರಿದ ದಲಾಲಿ ಹೋಗುವಾಗ, “ಇದಕ್ಕ ಝೆನಾನ್ ಲೈಟ್ ಅದಾವ್ರಿ” ಎಂದು ಒಂದು ಮಾತು ಹೇಳಿಬಿಟ್ಟನಂತೆ. ಆ ಮಾತು ಇವನ ತಲೆಗೆ ಏರಿತು. ಕಾರಿನ ಬಣ್ಣ ಯಾವುದು, ಎಷ್ಟು ಎಣ್ಣೆ ಕುಡಿಯುತ್ತದೆ ಎಂದು ಯಾರು ಏನೇ ಕೇಳಲಿ, ಉತ್ತರ ಒಂದೇ.

“ಝೆನಾನ್ ಅದಾವು ನೋಡೋ ಯಲ್ಲಾಲಿಂಗ” ಎಂದ ನನಗೆ.

“ಜನಾನಾ? ಹೆಣ್ಮಕ್ಕಳು ಕುಂದ್ರಾಕ ಬ್ಯಾರೆ ಜಾಗಾ ಐತೇನು?”

“ಜನಾನಾ ಅಲ್ಲೋ ಮಾರಾಯಾ! ಝೆನಾನ್! ಲೈಟು. ಗ್ಯಾಸಿನ ಲೈಟು.”

“ಹಂಗಾದ್ರ ಸಿಲಿಂಡರ್ ಎಲ್ಲಿ ಇಟ್ಟೀದಿ?”

ಅದು ಅವನಿಗೂ ಗೊತ್ತಿರಲಿಲ್ಲ. ಉಜ್ಮಾ ಗೋಕಾಕದಲ್ಲಿ ಬಿ.ಎಸ್ಸಿ. ಓದಿದವಳು, ಅವಳು ಬಲ್ಬಿನೊಳಗೇ ಗ್ಯಾಸು ಇರುತ್ತದೆ ಎಂದು ವಿವರಿಸಿದ ಮೇಲೆ ಮೈನೋದ್ದೀನ ಆ ವಿವರಣೆಯನ್ನೂ ತನ್ನದೇ ಎಂಬಂತೆ ಹೇಳತೊಡಗಿದ.

ಇಷ್ಟೆಲ್ಲ ಇದ್ದ ಆ ಲೈಟು ಹೇಗಿತ್ತು ಎಂದರೆ, ಮೊದಲು ಚಿಟ್ ಎಂದು ನೀಲಿ ಮಿಂಚು. ಆಮೇಲೆ ಡಬ್ಬಿಯೊಳಗೆ ನೊಣ ಸಿಕ್ಕಂಥ ಗುಂಯ್. ಆಮೇಲೆ ನೇರಳೆ ಬಣ್ಣದ ಒಂದು ಮಬ್ಬು. ಲೈಟಿನ ಮುಂದಿನ ಗಾಜು ಹಳದಿಯಾಗಿ ಮುಸುಕು ಹೊದ್ದುಕೊಂಡಿತ್ತು. ಎದುರಿನ ಎಮ್ಮೆ ಇವನಿಗೆ ಕಾಣುತ್ತಿರಲಿಲ್ಲ. ಎಮ್ಮೆಗೇ ಕಾರು ಕಂಡು, ಅದೇ ಪಾಪ ಬದಿಗೆ ಸರಿಯುತ್ತಿತ್ತು.

ಯಮಕನಮರಡಿಯ ಅಕ್ಬರಸಾಬನ ಮುಂದೆ ಮರ್ಯಾದೆ ಹೋದದ್ದು ಈ ಲೈಟಿನಿಂದಲೇ. ಅಕ್ಬರಸಾಬ ನಾಲ್ಕು ಲಾರಿಗಳ ಧಣಿ. ಅವನ ಮಗ ಅಯೂಬ ಉಜ್ಮಾಳ ಜೊತೆ ಓದಿದವನು. ಹುಡುಗ ಹುಡುಗಿ ಇಬ್ಬರ ಮನಸ್ಸೂ ಒಪ್ಪಿತ್ತು, ಹಿರಿಯರ ಮಾತು ಮಾತ್ರ ಬಾಕಿ. ಮೈನೋದ್ದೀನ ಮಾತಾಡಲು ಹೋದ. ಹೊರಡುವಾಗ ಮುಸ್ಸಂಜೆ. ಇವನು ಠೀವಿಯಿಂದ ಲೈಟು ಹಾಕಿ, ಹತ್ತು ಹೆಜ್ಜೆ ಹೋಗಿ, ಅಕ್ಬರಸಾಬನದೇ ಲಾರಿಯ ಟೈರಿಗೆ ಮೆಲ್ಲಗೆ ಹೋಗಿ ತಾಗಿಸಿದ. ಕೊನೆಗೆ ಒಂದು ಲಾರಿ ಮುಂದೆ ಹೋಗಿ ಬೆಳಕು ತೋರಿಸಿ, ಇವನನ್ನು ಹೆದ್ದಾರಿಯವರೆಗೆ ಕೈಹಿಡಿದ ಹಾಗೆ ದಾಟಿಸಿತು.

“ಸಾಹೇಬ್ರ, ಗಾಡಿ ಆನಿಯಂಥಾದ್ದು, ಕಣ್ಣು ಇರಿವಿಯಂಥಾವು” ಎಂದನಂತೆ ಅಕ್ಬರಸಾಬ. “ಮಗಳನ್ನ ಕೊಡಾಕ ಬಂದಾವ್ರಿಗೆ ಮೊದಲ ದಾರಿ ಕಾಣಬೇಕ್ರಿ. ಇರ್ಲಿ, ಶುಕ್ರವಾರ ಸಂಜಿಕೆ ನಾನಽ ಬಂದು ಹೇಳತೀನಿ.”

ಬಂದು ಹೇಳುವುದು ಎಂದರೆ ಬಾಯಿಂದ ಹೇಳುವುದಲ್ಲ. ಹೂಂ ಎಂದಾದರೆ ಸಕ್ಕರೆ ತರುತ್ತಾರೆ, ಇಲ್ಲವಾದರೆ ಬರಿಗೈಲಿ ಬಂದು ಚಹಾ ಕುಡಿದು ಹೋಗುತ್ತಾರೆ. ಆ ವಾರವೆಲ್ಲ ಉಜ್ಮಾ ನಮ್ಮ ಗಿರಣಿಗೆ ಜೋಳ ತಂದವಳು ಹಿಟ್ಟು ಮರೆತು ಹೋದಳು, ಹಿಟ್ಟಿಗೆ ಬಂದವಳು ಡಬ್ಬಿ ಮರೆತು ಹೋದಳು. ತಾಯಿಯಿಲ್ಲದ ಮಗು. ನನಗೆ ನೋಡಿ ಸಂಕಟವಾಗುತ್ತಿತ್ತು.

ಶುಕ್ರವಾರ ನಮಾಜು ಮುಗಿದದ್ದೇ ಮೈನೋದ್ದೀನ ಗೋಕಾಕಕ್ಕೆ ಹೊರಟ. ಲೈಟು ರಿಪೇರಿ ಒಂದು ಕೆಲಸ. ಬೀಗರು ಕೂಡಲಿ ಎಂದು ತಾನೇ ಹೊಲಿದಿದ್ದ ಹೊಸ ಗಾದಿಗೆ ಬಿಳಿ ಗಲೀಫು, ಅಂದರೆ ಗವುಸು, ಹಾಕಿಸುವುದು ಇನ್ನೊಂದು. ಗಾದಿಗೆ ಗಲೀಫು ಹಾಕಿಸಿ, ಸುರುಳಿ ಸುತ್ತಿ, ಮೂರು ಕಡೆ ಬಿಳಿ ಪಟ್ಟಿ ಕಟ್ಟಿ ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿಸಿದ. ಈ ಗಾದಿಯನ್ನು ನೆನಪಿನಲ್ಲಿಡಿ.

ಕಾರಿನ ಕರೆಂಟು ಕೆಲಸದ ಸಾತಪ್ಪ ಲೈಟು ಬಿಚ್ಚಿ ನೋಡಿ, “ಬಲ್ಬು ಮುಪ್ಪಾಗ್ಯಾವು. ನೇರಳಿ ಬಣ್ಣಾ ಬಂತಂದ್ರ ಅವು ಹೊಂಟು ನಿಂತಾವ ಅಂತ ತಿಳ್ಕೋರಿ. ಎರಡೂ ಬದಲಿಸಬೇಕು, ಒಂದಽ ಬದಲಿಸಿದ್ರ ಮೆಳ್ಳಗಣ್ಣು ಆಗತೈತಿ” ಎಂದ.

“ನೀಲಿ ಹಾಕೋ ಸಾತಪ್ಪ, ಭಾರೀ ಕಾಣಬೇಕು.”

“ನೀಲಿ ಮಂದಿಗೆ ಕಾಣತೈತ್ರಿ, ನಿಮಗ ದಾರಿ ಕಾಣಂಗಿಲ್ಲ. ಬೆಳ್ಳಂದು ಹಾಕತೀನಿ. ಅರ್ಥಿಂಗ್ ತುಕ್ಕು ಹಿಡದೈತಿ, ಅದನ್ನ ತಿಕ್ಕಬೇಕು. ಗಾಜು ತೊಳದು ಪಾಲಿಶ್ ಹೊಡೀಬೇಕು. ಸಂಜಿ ಆಗತೈತಿ.”

ಸಂಜೆ ಎಂದ ಕೂಡಲೇ ಮೈನೋದ್ದೀನನಿಗೆ, ಬೀಗರು ತನಗಿಂತ ಮೊದಲೇ ಮನೆಗೆ ಬಂದುಬಿಟ್ಟಾರು ಎಂಬ ಗಾಬರಿ ಹತ್ತಿತು. ಅಕ್ಬರಸಾಬನಿಗೆ ಫೋನು ಹಚ್ಚಿದ. ಈ ಕಡೆ ಸಾತಪ್ಪನ ಪಾಲಿಶ್ ಯಂತ್ರ ಘರ್ರ್ ಎನ್ನುತ್ತಿತ್ತು, ಆ ಕಡೆ ಲಾರಿಯ ಇಂಜಿನ್ನು. ಮುಂದಿನ ಮಾತುಕತೆ ನನಗೆ ಆಮೇಲೆ ಎರಡೂ ಕಡೆಯಿಂದ ತಿಳಿದದ್ದು.

“ಅಕ್ಬರಸಾಬ್ರ, ನಾ ಗೋಕಾಕದಾಗ ಅದೀನ್ರಿ, ಝೆನಾನ್ ಸಲುವಾಗಿ!”

“ಏನಂದ್ರಿ? ಜನಾಜಾ?”

“ಹೂಂನ್ರಿ, ಅದಽ! ಹೊತ್ತು ಮುಳುಗೂದರೊಳಗ ಮನಿಗೆ ತರತೀನಿ. ನೀವು ಬಂದು ಕಣ್ಣಲೆ ನೋಡಿದ್ರಽ ನನಗ ಸಮಾಧಾನ.”

ಜನಾಜಾ ಎಂದರೆ ಏನೆಂದು ನಮ್ಮ ಕಡೆ ಹಿಂದೂ ಮುಸಲ್ಮಾನ ಎಲ್ಲರಿಗೂ ಗೊತ್ತು. ಹೆಣದ ಮೆರವಣಿಗೆ. ಅಕ್ಬರಸಾಬನ ಕೈಯಲ್ಲಿದ್ದ ಚಹಾ ತಣ್ಣಗಾಯಿತು.

“ಯಾ ಅಲ್ಲಾ! ಯಾರದ್ರಿ?”

“ನಮ್ಮದಽರಿ. ಮತ್ಯಾರದು ತರ್ಲಿ?”

“ಏನಾಗಿತ್ತು?”

“ಮುಪ್ಪಾಗಿತ್ತಲ್ರಿ. ಎರಡೂ ಕಣ್ಣಿಗೆ ಪೊರಿ ಬಂದಂಗಾಗಿತ್ತು. ಭಾಳ ದಿನದಿಂದ ನೇರಳಿ ಬಣ್ಣಕ್ಕ ತಿರುಗಿತ್ತು. ಇವತ್ತ ಆರಿಹೋತು.”

“ಈಗ ಎಲ್ಲಿಟ್ಟೀರಿ?”

“ಇಲ್ಲೇ ಸಾತಪ್ಪ ತೊಳ್ಯಾಕತ್ತಾನ.”

“ಸಾತಪ್ಪ? ಸಾತಪ್ಪ ತೊಳ್ಯಾಕತ್ತಾನ?”

“ಅವನಷ್ಟು ಚೊಕ್ಕ ಗೋಕಾಕದಾಗ ಯಾರೂ ತೊಳ್ಯಾಂಗಿಲ್ರಿ. ಮೊದಲ ನೀರು ಹಾಕಿ ಪಾಲಿಶ್ ಪೇಪರ್‌ಲೆ ತಿಕ್ಕತಾನ, ಆಮ್ಯಾಲೆ ಬಿಳಿ ಮುಲಾಮು—”

ಉತ್ಸಾಹದಲ್ಲಿ ಕೈ ಬೀಸಿದ ಮೈನೋದ್ದೀನನ ಫೋನು ಜಾರಿ ಸಾತಪ್ಪನ ನೀರಿನ ಬಕೆಟ್ಟಿಗೆ ಬಿತ್ತು. ಯಮಕನಮರಡಿಯಲ್ಲಿ ಅಕ್ಬರಸಾಬನಿಗೆ ಕೇಳಿಸಿದ್ದು ಗುಳುಗುಳು ಗುಳುಗುಳು ಎಂಬ ಸದ್ದು. ಆಮೇಲೆ ಏನೂ ಇಲ್ಲ. ಮತ್ತೆ ಹಚ್ಚಿದರೆ ಸಿಗಲಿಲ್ಲ.

ಅವಸರಕ್ಕೆ ಇರಲಿ ಎಂದು ಮೈನೋದ್ದೀನ ನನ್ನ ನಂಬರನ್ನೂ ಅವನಿಗೆ ಕೊಟ್ಟಿದ್ದ. ಹೀಗಾಗಿ ನಾಲ್ಕೂವರೆಗೆ ನನ್ನ ಗಿರಣಿಗೆ ಫೋನು ಬಂತು. ಗೋವಿನಜೋಳ ಬೀಸುತ್ತಿದ್ದೆ. ಗಿರಣಿ ಬಂದ್ ಮಾಡಿ ಕೇಳಬೇಕಾಗಿತ್ತು ಎಂದು ಊರವರು ಈಗಲೂ ನನ್ನನ್ನು ಬೈಯುತ್ತಾರೆ. ನಡುವೆ ನಿಲ್ಲಿಸಿದರೆ ಹಿಟ್ಟು ನುಚ್ಚಾಗುತ್ತದೆ ಎಂಬುದು ಅವರಿಗೇನು ಗೊತ್ತು?

“ಯಲ್ಲಾಲಿಂಗ್ರ, ಮೈನೋದ್ದೀನ ಸಾಹೇಬ್ರ ಮನೀಂದು ಜನಾಜಾ ಗೋಕಾಕದಿಂದ ಬರಾಕತ್ತೈತಂತ. ಮುದುಕಿ ಪಾಪ, ಛಲೋ ಇದ್ಲು.”

ನಾನು ಕಿಟಕಿಯಿಂದ ನೋಡಿದೆ. ಮುದುಕಿ ಕಟ್ಟೆಯ ಮೇಲೆ ಕೂತು ಕೋಳಿಯನ್ನು ಬೈಯುತ್ತಿದ್ದಳು.

“ಆಯಿ ಇಲ್ಲೇ ಕುಂತಾಳಲ್ರಿ.”

“ಹಂಗಾದ್ರ ಮಗಳು?”

ಉಜ್ಮಾ ಅಂಗಳಕ್ಕೆ ನೀರು ಹೊಡೆಯುತ್ತಿದ್ದಳು. “ಆಕಿನೂ ಅದಾಳ.”

ಆ ಕಡೆ ಲಾರಿಯ ಸದ್ದು. ಈ ಕಡೆ ನನ್ನ ಗಿರಣಿಯ ಸದ್ದು. ಮನೆಯಲ್ಲಿರುವವರು ಮೂವರು. ಇಬ್ಬರು ಕಣ್ಣೆದುರಿಗಿದ್ದಾರೆ. ಇನ್ನು ಉಳಿದವನು ಯಾರು ಎಂದು ತಿಳಿಯಲು ಬಿ.ಎಸ್ಸಿ. ಬೇಕಿಲ್ಲ.

“ಯಾರದು ಅಂತ ಕೇಳಿದ್ರ, ನಮ್ಮದಽ ಅಂದ” ಎಂದ ಅಕ್ಬರಸಾಬ, ದನಿ ಇಳಿಸಿ.

“ಯಾರು ಅಂದ್ರು?”

“ಮೈನೋದ್ದೀನ ಸಾಹೇಬಽ.”

ಬೆನ್ನಮೇಲೆ ಯಾರೋ ತಣ್ಣನೆಯ ಕೈ ಇಟ್ಟ ಹಾಗಾಯಿತು. “ಅವನಽ ಫೋನ್ ಮಾಡಿದ್ನೇನ್ರಿ?”

“ಅವನಽ. ಮಾತಾಡತಾ ಮಾತಾಡತಾ ನೀರಾಗ ಮುಳುಗಿದಂಗ ಗುಳುಗುಳು ಅಂತು. ಆಮ್ಯಾಲೆ ದನೀನಽ ಇಲ್ಲ.”

ನೀರು. ಗೋಕಾಕ. ನನಗೆ ಕೂಡಲೇ ಫಾಲ್ಸ್ ಕಣ್ಣಮುಂದೆ ಬಂತು. ದಾರಿ ಕಾಣದ ಲೈಟು, ಪಕ್ಕದಲ್ಲೇ ಹೊಳೆ. ಹಗಲು ನಾಲ್ಕು ಗಂಟೆಗೆ ಲೈಟು ಏಕೆ ಬೇಕು ಎಂಬ ಪ್ರಶ್ನೆ ನನಗೆ ಬರಲಿಲ್ಲ. ತೊಳೆದು ಮುಲಾಮು ಹಚ್ಚಿಸಿಕೊಂಡವನು ಆಮೇಲೆ ಮುಳುಗಿದ್ದು ಹೇಗೆ ಎಂದು ಅಕ್ಬರಸಾಬನಿಗೂ ಬರಲಿಲ್ಲ. ಗಾಬರಿಯಾದ ಮನುಷ್ಯನನ್ನು ಇಂಥ ಪ್ರಶ್ನೆ ಕೇಳಬಾರದು.

ನಾನು ಭರಮವ್ವನಿಗೆ ಒಬ್ಬಳಿಗೇ ಹೇಳಿದೆ. ಗುಟ್ಟಾಗಿರಲಿ ಎಂದೂ ಹೇಳಿದೆ. ಇಪ್ಪತ್ತು ನಿಮಿಷಕ್ಕೆ ಕಿರಾಣಿ ಅಂಗಡಿಗಳ ಬಾಗಿಲು ಮುಚ್ಚಿದವು. ಐದೂವರೆಗೆ ಮೂಡಲಗಿಯಿಂದ ಮೈನೋದ್ದೀನನ ನೆಂಟರು ಒಂದು ಟೆಂಪೋ ತುಂಬ ಬಂದಿಳಿದರು. ಮಸೀದಿಯಿಂದ ಜನಾಜಾ ಹೊರುವ ಮಂಚ ಬಂತು. ಹೆಣ ತೊಳೆಯಲು ಹಂಡೆಯಲ್ಲಿ ಬಾರಿಗಿಡದ ಎಲೆ ಹಾಕಿ ನೀರು ಕಾಯಿಸಿದರು. ಆರು ಮಂದಿ ಗುದ್ದಲಿ ಹಿಡಿದು ಕುಣಿ ತೋಡಲು ಕಬರಸ್ತಾನಕ್ಕೆ ಹೋದರು. ನಮ್ಮ ಊರಿನಲ್ಲಿ ಬದುಕಿದ್ದವನ ಕೆಲಸ ಆರು ತಿಂಗಳಾದರೂ ಆಗುವುದಿಲ್ಲ, ಸತ್ತವನ ಕೆಲಸ ಒಂದು ತಾಸಿನಲ್ಲಿ ಆಗುತ್ತದೆ.

ಉಜ್ಮಾ ಮಾತ್ರ ಅಳಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತು ಮತ್ತೆ ಮತ್ತೆ ಅಪ್ಪನ ನಂಬರು ಒತ್ತುತ್ತಿದ್ದಳು. “ಅಬ್ಬಾ ಲೈಟ್ ಮಾಡಸಾಕ ಹೋಗ್ಯಾರ್ರಿ ಕಾಕಾ. ಲೈಟ್ ಮಾಡಸಾಕ ಹೋದಾವ್ರು ಹೆಂಗ ಸಾಯತಾರ?” ಎಂದಳು ನನಗೆ. ನಾನು ಗಿರಣಿಯೊಳಗೆ ಹೋಗಿ ಹಿಟ್ಟಿನ ಚೀಲದ ಮೇಲೆ ಕೂತು ಅತ್ತೆ. ಮೂವತ್ತು ವರ್ಷದ ಗೆಳೆಯ. ಕಳೆದ ವಾರ ಅವನ ಲೈಟು ನೋಡಿ ನಾನೂ ನಕ್ಕಿದ್ದೆ.

ಮೈನಾಬಿ ಆಯಿ ಕಟ್ಟೆಯಿಂದ ಕದಲಲಿಲ್ಲ. ಹೆಂಗಸರು ಸುತ್ತ ಕೂತು ಅಳುತ್ತಿದ್ದರೆ ಅವಳು ತಸ್ಬೀಹಿನ ಜಪಮಣಿ ತಿರುವುತ್ತ, “ಕಣ್ಣಿಗೆ ಕಾಣೂತನಕಾ ನಾ ನಂಬಂಗಿಲ್ಲ” ಎಂದಳು. ಅವಳ ಕಣ್ಣಿಗೆ ಏನೂ ಕಾಣುವುದಿಲ್ಲ ಎಂದು ನೆನಪಾಗಿ ಹೆಂಗಸರು ಇನ್ನೂ ಜೋರಾಗಿ ಅತ್ತರು.

ಆರು ಗಂಟೆಗೆ ಅಕ್ಬರಸಾಬ ಬಂದ, ಜೊತೆಗೆ ಅಯೂಬ. ಸಕ್ಕರೆ ತರಬೇಕಾದ ಕೈಯಲ್ಲಿ ಹೆಣಕ್ಕೆ ಹೊದಿಸುವ ಕಫನ್ನಿನ ಬಿಳಿ ಬಟ್ಟೆಯ ಗಂಟು. ದಾರಿಯಲ್ಲಿ ಗೋಕಾಕದ ದವಾಖಾನೆಗೂ ಹೋಗಿ ವಿಚಾರಿಸಿದ್ದನಂತೆ. “ಆ ಹೆಸರಿನವ್ರು ಇನ್ನಾ ಬಂದಿಲ್ಲರಿ” ಎಂದರಂತೆ ಅಲ್ಲಿಯವರು. ‘ಇನ್ನಾ’ ಎಂಬ ಮಾತು ಕೇಳಿ ಅಂಗಳದಲ್ಲಿ ನಾಲ್ಕು ಜನ ಒಬ್ಬರಿಗೊಬ್ಬರು ಹತ್ತಿರ ಸರಿದು ಕೂತರು.

ಅಷ್ಟರಲ್ಲಿ ಕರೆಂಟು ಹೋಯಿತು. ಕಬ್ಬಿನ ಹೊಲದ ಕಡೆಯಿಂದ ತಣ್ಣನೆ ಗಾಳಿ. ಹಂಡೆಯ ಒಲೆಯ ಕೆಂಡ ಬಿಟ್ಟರೆ ಬೆಳಕಿಲ್ಲ. ಅಕ್ಬರಸಾಬ ಆ ಕತ್ತಲೆಯಲ್ಲಿ ಎದ್ದು ನಿಂತ. ದನಿ ಒಡೆದಿತ್ತು.

“ಎಲ್ಲಾರೂ ಕೇಳ್ರಿ. ನಾ ಇವತ್ತ ಬರಿಗೈಲೆ ಬಂದು ಇಲ್ಲ ಅನ್ನೂನಿದ್ದೆ. ಆ ಮನುಷ್ಯಾನ್ನ ದಾರಿ ಕಾಣಂಗಿಲ್ಲ ಅಂತ ಹಂಗಿಸಿ ಕಳಿಸಿದ್ದೆ. ದಾರಿ ಕಾಣಲಾರದಽ ಹೊಳಿಗೆ ಬಿದ್ದ. ಈ ಪಾಪ ನಂದು. ಉಜ್ಮಾ ಇವತ್ತಿನಿಂದ ನನ್ನ ಮಗಳು. ನಲವತ್ತು ದಿನಾ ಆದ ಮ್ಯಾಲೆ ನಿಕಾಹ್. ವರದಕ್ಷಿಣಿ ಅಂತ ಒಂದು ಚಮಚಾ ಸೈತ ಬ್ಯಾಡ.”

ಮಂದಿಯೆಲ್ಲ ಹೂಂಗುಟ್ಟಿದರು. ಬಾಗಿಲ ಬಳಿ ಉಜ್ಮಾ ಆಗ ಮೊದಲ ಸಲ ಬಿಕ್ಕಿದ್ದು ನನಗೆ ಕೇಳಿಸಿತು. ಅವಳು ಬೇಡಿಕೊಂಡಿದ್ದ ಮಾತು ಬಂದಿತ್ತು, ಆದರೆ ಬಂದ ಹೊತ್ತು ಎಂಥದು.

ಇತ್ತ ಮೈನೋದ್ದೀನನ ಕಾರು ಐದು ಗಂಟೆಗೇ ತಯಾರಾಗಿತ್ತು. ಆದರೆ ಬೆಳಕಿನಲ್ಲಿ ಮನೆಗೆ ಹೋದರೆ ಬೆಳಕು ಯಾರಿಗೆ ಕಾಣುತ್ತದೆ? ಬೀಗರ ಅಂಗಳಕ್ಕೆ ಲೈಟು ಹಾಕಿಕೊಂಡೇ ನುಗ್ಗಬೇಕೆಂದು ಗೋಕಾಕದಲ್ಲೇ ಮೂರು ಕಪ್ಪು ಚಹಾ ಕುಡಿಯುತ್ತ ಹೊತ್ತು ಮುಳುಗಿಸಿದ. ಆಮೇಲೆ ಲೈಟು ಹಾಕಿ ಹೊರಟ. ಹಾಲು ಚೆಲ್ಲಿದಂತೆ ಬೆಳ್ಳನೆಯ ಬೆಳಕು, ಕಬ್ಬಿನ ಒಂದೊಂದು ಎಲೆಯೂ ಕಾಣುವಷ್ಟು.

ಊರು ಹತ್ತಿರವಾದಂತೆ ಒಂದು ವಿಚಿತ್ರ ನಡೆಯಿತು ಎಂದು ಅವನು ಈಗಲೂ ಹೇಳುತ್ತಾನೆ. ಕಬ್ಬಿನ ಟ್ರ್ಯಾಕ್ಟರುಗಳು ತಾವಾಗಿಯೇ ಬದಿಗೆ ನಿಂತವು. ಕಟ್ಟೆಯ ಮೇಲಿದ್ದವರು ಎದ್ದು ನಿಂತರು. ಕೆಲವರು ತಲೆಗೆ ಟೊಪ್ಪಿಗೆ ಇಟ್ಟುಕೊಂಡರು, ಕೆಲವರು ತಲೆಯ ಟೊಪ್ಪಿಗೆ ತೆಗೆದರು. ಅಲ್ಲಪ್ಪನೆಂಬ ಮುದುಕ ದೂರದಿಂದಲೇ ಕಾರಿಗೆ ಕೈಮುಗಿದ. ಒಬ್ಬರೂ ಮಾತಾಡಲಿಲ್ಲ. ಬೆಳಕು ದಾಟಿ ಹೋದ ಮೇಲೆ ಅವರು ಕಾರಿನ ಹಿಂದೆ ಸಾಲಾಗಿ, ತಲೆ ತಗ್ಗಿಸಿ ನಡೆದು ಬರುತ್ತಿದ್ದರು. ಕನ್ನಡಿಯಲ್ಲಿ ಅದನ್ನು ನೋಡಿ ಮೈನೋದ್ದೀನನ ರೋಮ ಎದ್ದು ನಿಂತವು. ಅವನಿಗೆ ಹೊಳೆದ ಕಾರಣ ಒಂದೇ: ಝೆನಾನ್ ಎಂದರೆ ಸುಮ್ಮನೇ ಅಲ್ಲ.

ಅಂಗಳಕ್ಕೆ ಆ ಬೆಳಕು ಬಿತ್ತು. ನಮಗೆಲ್ಲ ಕಣ್ಣು ಕುಕ್ಕಿ ಏನೂ ಕಾಣದಾಯಿತು. ಬಿಳೀ ಬೆಳಕು, ಅದರ ಹಿಂದೆ ಕತ್ತಲೆ. ಓಡಿಸುವವನು ಯಾರೋ ಕಾಣಲಿಲ್ಲ. ನಾಲ್ಕು ಜನ ತಡವರಿಸುತ್ತ ಹೋಗಿ ಹಿಂದಿನ ಬಾಗಿಲು ತೆಗೆದರು. ಸೀಟಿನ ಮೇಲೆ ಉದ್ದಕ್ಕೆ, ಬೆಳ್ಳನೆ ಬಟ್ಟೆ ಸುತ್ತಿ, ಮೂರು ಕಡೆ ಪಟ್ಟಿ ಕಟ್ಟಿದ್ದು ಮಲಗಿತ್ತು.

ಅಂಗಳದಲ್ಲಿ ಅಳು ಎದ್ದಿತು. ನಾಲ್ವರು ಮೆಲ್ಲಗೆ ಎತ್ತಿಕೊಂಡರು. ಕಾಲ ಕಡೆ ನಾನೇ ಹಿಡಿದಿದ್ದೆ.

“ಏನ್ ಹಗುರ ಆಗ್ಯಾನೋ” ಎಂದೆ.

“ಪುಣ್ಯವಂತ್ರು ಹಗುರಽ ಇರತಾರ” ಎಂದರು ತಲೆಯ ಕಡೆ ಹಿಡಿದವರು.

“ಮೆತ್ತಗ ಅದಾನಲ್ರಿ?”

“ನೀರಾಗ ನೆನದಾನಲ್ಲ.”

ಮಂಚದ ಮೇಲೆ ಇಳಿಸಬೇಕು, ಅಷ್ಟರಲ್ಲಿ ಹಿಂದಿನಿಂದ ಮೈನೋದ್ದೀನನ ದನಿ ಬಂತು.

“ಹುಷಾರ್ರಿ, ಕೊಳಿ ಹತ್ತೀತು! ಅಕ್ಬರಸಾಬ್ರು ಕುಂದ್ರೂದೈತಿ ಅದರ ಮ್ಯಾಲೆ!”

ನಾನು ತಿರುಗಿ ನೋಡಿದೆ. ಆ ಬೆಳಕಿನ ನಡುವೆ ನಿಂತಿದ್ದ. ಮುಖ, ಮೀಸೆ, ಅಂಗಿ ಎಲ್ಲ ಸುಣ್ಣದ ಹಾಗೆ ಬಿಳಿ. ಅದು ಸಾತಪ್ಪನ ಪಾಲಿಶ್ ಪುಡಿ ಎಂದು ನಮಗೇನು ಗೊತ್ತು? ನಾಲ್ವರೂ ಒಟ್ಟಿಗೆ ಕೈಬಿಟ್ಟೆವು. ಗಾದಿ ಧೊಪ್ಪೆಂದು ಬಿತ್ತು, ಪಟ್ಟಿ ಬಿಚ್ಚಿ ತಾನೇ ಮೆಲ್ಲಗೆ ಹರಡಿಕೊಂಡಿತು. ಹೆಣ ಮೈಮುರಿದ ಹಾಗೆ ಕಂಡು ಮೂಡಲಗಿಯ ನೆಂಟರು ಬಂದ ಟೆಂಪೋ ಹತ್ತಿ ಕೂತು ಒಳಗಿನಿಂದ ಬಾಗಿಲು ಹಾಕಿಕೊಂಡರು. ನನ್ನ ಬಾಯಿಂದ ಬಂದ ಸದ್ದು ಮನುಷ್ಯನದಲ್ಲ ಎಂದು ಭರಮವ್ವ ಈಗಲೂ ಹೇಳುತ್ತಾಳೆ; ಅದು ಮಾತ್ರ ನನಗೆ ಸ್ಪಷ್ಟ ಕೇಳಿಸಿತ್ತು.

ಮೈನೋದ್ದೀನ ಆಗ ಸುತ್ತ ನೋಡಿದ. ಮಂಚ. ಹಂಡೆ. ಅಳುವ ಹೆಂಗಸರು. ಅಕ್ಬರಸಾಬನ ಕೈಯಲ್ಲಿ ಕಫನ್ನು. ಅವನ ಮುಖದ ಬಿಳಿಯ ಕೆಳಗೆ ಇನ್ನೊಂದು ಬಿಳಿ ಇಳಿಯಿತು.

“ಅಮ್ಮಾ!” ಎಂದು ಚೀರಿದ. “ನಾ ಚಹಾ ಕುಡಕೋತ ಕುಂತಿದ್ದೆ! ಅಮ್ಮಾ ಹೋದ್ಲಲ್ಲೋ!”

“ಎಲ್ಲಿಗೆ ಹೋಗ್ಲೋ ಮೂಳಾ?” ಎಂದಿತು ಕಟ್ಟೆ.

ಅವನು ಆ ಕಡೆ ತಿರುಗಿದ. ಬೆಳಕು ನೇರ ಅವನ ಮುಖಕ್ಕೆ ಬಿದ್ದಿತ್ತು. ಮೈನಾಬಿ ಆಯಿ ಎದ್ದು, ಗೋಡೆ ಹಿಡಿದು ಬಂದು, ಎರಡೂ ಕೈಯಿಂದ ಅವನ ಕೆನ್ನೆಯ ಪುಡಿ ಒರೆಸಿ, ಹತ್ತಿರದಿಂದ ನೋಡಿದಳು. ಎರಡು ವರ್ಷದಲ್ಲಿ ಮೊದಲ ಸಲ ನೋಡಿದಳು.

“ಕಾಣತೈತಿ” ಎಂದಳು. “ನಿನ್ನ ಮಾರಿ ಕಾಣತೈತಿ. ಎಷ್ಟ ಮುಪ್ಪಾಗೀದ್ಯೋ ಮೈನೂ.”

ಅವಳಿಗೆ ಆಗ ಅಳು ಬಂತು. ಉಜ್ಮಾ ಓಡಿ ಬಂದು ಇಬ್ಬರನ್ನೂ ತಬ್ಬಿಕೊಂಡಳು.

ಇಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಅಕ್ಬರಸಾಬನಿಗೆ ದುಃಖ ಇಳಿದು ಸಿಟ್ಟು ಏರಿತು. “ಜನಾಜಾ ತರತೀನಿ ಅಂದೀಯಲ್ಲೋ! ಮುಪ್ಪಾಗಿತ್ತು, ಕಣ್ಣಿಗೆ ಪೊರಿ ಬಂದಿತ್ತು, ಸಾತಪ್ಪ ತೊಳ್ಯಾಕತ್ತಾನ ಅಂದೀಯಲ್ಲೋ!”

ಉಜ್ಮಾ ತಲೆ ಎತ್ತಿದಳು. ಕಣ್ಣೀರಿನಲ್ಲೇ ನಗು ಒಡೆಯಿತು. “ಅದು ಝೆನಾನ್ ರೀ ಮಾಮಾ! ಕಾರಿನ ಲೈಟು!”

ಮೈನೋದ್ದೀನ ಜೇಬಿನಿಂದ ಕರವಸ್ತ್ರ ತೆಗೆದು ಬಿಚ್ಚಿದ. ಕಪ್ಪಿಟ್ಟ ಎರಡು ಹಳೆಯ ಬಲ್ಬುಗಳು. “ಇವಽರಿ. ಇವಽ ಸತ್ತಿದ್ದು” ಎಂದ.

ಅಯೂಬ ನಕ್ಕುಬಿಟ್ಟ. ಅಪ್ಪ ಅವನತ್ತ ನೋಡಿದ ನೋಟಕ್ಕೆ ನಗು ಅಲ್ಲೇ ನಿಂತಿತು. ಅಕ್ಬರಸಾಬ ಎಲ್ಲರಿಗೂ ಕೇಳುವಂತೆ, “ನಾ ಆಗ ಆಡಿದ ಮಾತು ಸತ್ತಾವಗ ಕೊಟ್ಟ ಮಾತು. ಇವ ಜೀವಂತ ಅದಾನ. ಮಾತು ರದ್ದು” ಎಂದ. ಉಜ್ಮಾಳ ಮುಖದ ಬಣ್ಣ ಇಳಿದದ್ದು ಆ ಬೆಳಕಿನಲ್ಲಿ ಎಲ್ಲರಿಗೂ ಕಂಡಿತು. ಅಪ್ಪ ಬದುಕಿದ್ದಕ್ಕೆ ಅವಳ ಮದುವೆ ಸತ್ತಿತ್ತು.

ಕಬರಸ್ತಾನದಿಂದ ಗುದ್ದಲಿಯವರು ಬಂದು ನಿಂತದ್ದು ಅದೇ ಹೊತ್ತಿಗೆ. “ಕಬರ್ ತಯಾರ್ ಐತ್ರಿ. ಈಗೇನು ಮಾಡೂದು? ತೋಡಿದ್ದು ಖಾಲಿ ಬಿಟ್ರ ಅದು ಊರಾಗಿನ ಯಾರನ್ನರ ಕೇಳತೈತಂತ” ಎಂದರು. ಅಂಗಳ ಮತ್ತೆ ತಣ್ಣಗಾಯಿತು. ಕತ್ತಲೆಯಲ್ಲಿ ಅಲ್ಲೊಂದು ಬಾಯಿ ತೆರೆದು ಕೂತಿದೆ ಎಂಬುದು ಎಲ್ಲರ ಮನಸ್ಸಿಗೂ ಬಂತು. ಅಲ್ಲಪ್ಪ ತನ್ನ ವಯಸ್ಸು ನೆನೆಸಿಕೊಂಡು ಮೆಲ್ಲಗೆ ಹಿಂದೆ ಸರಿದ.

“ಅಕ್ಬರಸಾಬ” ಎಂದಳು ಮೈನಾಬಿ ಆಯಿ. “ಬಾ ಇಲ್ಲಿ. ಮಾತು ಸತ್ತಾವಗ ಕೊಟ್ಟೆ ಅಂದಿ. ಕಬರ್ ತೋಡೇತಿ, ನೀರು ಕಾದಾವು, ಅರಿವಿ ನೀನಽ ತಂದೀದಿ. ನಿನ್ನ ಮಾತು ಉಳಿಸಾಕ ನನ್ನ ಮಗನ್ನ ಇಳಸತೀಯೇನು? ಇಳಸು. ನಾ ನೋಡತೀನಿ. ಇವತ್ತ ನನಗ ಕಣ್ಣು ಕಾಣತಾವು.”

ನಾಲ್ಕು ಲಾರಿಗಳ ಧಣಿ, ಮುದುಕಿಯ ಮುಂದೆ ಸಣ್ಣವನಾಗಿ ನಿಂತ.

“ಹಂಗಲ್ಲ ಆಯಿ…”

“ಹಂಗಾದ್ರ ಸತ್ತದ್ದು ಯಾವುದೈತಿ, ಅದನ್ನ ಹುಗೀರಿ. ದುವಾ ಓದೂದು ಗೀದೂದು ಏನೂ ಬ್ಯಾಡ. ಕುಣಿ ತುಂಬಿದ್ರ ಸಾಕು. ಸತ್ತಾರ ಅಂತ ಸಾರಿದ್ದೂ ಸುಳ್ಳಾಗಂಗಿಲ್ಲ, ನಿನ್ನ ಮಾತೂ ಸುಳ್ಳಾಗಂಗಿಲ್ಲ.” ಅವಳು ಕೈ ಚಾಚಿ ಕಫನ್ನಿನ ಗಂಟು ಕಸಿದುಕೊಂಡು ಬಟ್ಟೆ ಮುಟ್ಟಿ ನೋಡಿದಳು. “ಅರಿವಿ ಛಲೋ ತಂದೀದಿ. ಇದು ನನ್ನ ಪೆಟಗ್ಯಾಗ ಇರ್ಲಿ. ಹೊಳ್ಳಿ ಒಯ್ಯಬಾರದು.”

ಹೀಗಾಗಿ ಕಾರು ಕಬರಸ್ತಾನದ ಗೋಡೆಯ ಹತ್ತಿರ ಹೋಗಿ ನಿಂತಿತು. ಹೊಸ ಝೆನಾನಿನ ಬೆಳಕಿನಲ್ಲಿ ಹಳೆಯ ಝೆನಾನನ್ನು ಕರವಸ್ತ್ರದ ಸಮೇತ ಕೆಳಗಿಳಿಸಿದೆವು. ಆರಡಿ ಕುಣಿಯ ತಳದಲ್ಲಿ ಎರಡು ಬಲ್ಬು. ಯಾರಿಗೂ ನಗು ಬರಲಿಲ್ಲ. ಬೆಳಕಿನಲ್ಲಿ ನಮ್ಮ ನೆರಳುಗಳು ಗೋರಿಗಳ ಮೇಲೆ ಹಾದು ಆಚೆ ಕಬ್ಬಿನ ಹೊಲದವರೆಗೂ ಉದ್ದಕ್ಕೆ ಬಿದ್ದಿದ್ದವು. ಲೆಕ್ಕಕ್ಕಿಂತ ಒಂದು ನೆರಳು ಹೆಚ್ಚಿತ್ತು ಎಂದು ಅಲ್ಲಪ್ಪ ಹೇಳುತ್ತಾನೆ. ನಾನು ಎಣಿಸಲಿಲ್ಲ.

ಮೊದಲ ಹಿಡಿ ಮಣ್ಣು ಅಕ್ಬರಸಾಬನೇ ಹಾಕಿದ. ಕೈ ಝಾಡಿಸಿಕೊಂಡು, “ಸಕ್ರಿ ತಂದಿಲ್ಲ ನಾ” ಎಂದ ನೆಲ ನೋಡುತ್ತ. ಭರಮವ್ವ ನಮ್ಮ ಮನೆಯ ಡಬ್ಬಿಯನ್ನೇ ತಂದಳು. ಅಂಗಳಕ್ಕೆ ಮರಳಿ, ಕೆಳಗೆ ಬಿದ್ದ ಗಾದಿ ಝಾಡಿಸಿ ಹಾಸಿ, ಅದರ ಮೇಲೆ ಅಕ್ಬರಸಾಬನನ್ನು ಕೂಡಿಸಿ ಸಕ್ಕರೆ ಹಂಚಿದೆವು. ಟೆಂಪೋದಲ್ಲಿದ್ದ ನೆಂಟರಿಗೆ ಕಿಟಕಿಯಿಂದಲೇ ಕೊಟ್ಟೆವು. ಹೋಗುವಾಗ ಅಕ್ಬರಸಾಬ ಕಾರಿನ ಮುಂದೆ ಒಂದು ಗಳಿಗೆ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು, “ಸ್ವಲ್ಪ ಕೆಳಗ ಮಾಡಸ್ರಿ ಬೀಗ್ರ, ಎದುರಿನವ್ರಿಗೆ ಕಣ್ಣು ಕಾಣಂಗಿಲ್ಲ” ಎಂದ. ಬೀಗರೇ ಎಂದದ್ದನ್ನು ಉಜ್ಮಾ ಬಾಗಿಲ ಹಿಂದೆ ಕೇಳಿಸಿಕೊಂಡಳು.

ನಿಕಾಹ್ ನಲವತ್ತೊಂದನೆಯ ದಿನ ಆಯಿತು. ನಾನೀಗ ಫೋನು ಬಂದರೆ ಮೊದಲು ಗಿರಣಿ ನಿಲ್ಲಿಸುತ್ತೇನೆ. ಹಿಟ್ಟು ನುಚ್ಚಾದರೆ ಆಗಲಿ. ಮುಸ್ಸಂಜೆಯಲ್ಲಿ ಆ ಬಿಳೀ ಬೆಳಕು ಬಂದರೆ ನಮ್ಮ ಕಡೆ ಜನ ಈಗಲೂ ಎದ್ದು ನಿಲ್ಲುತ್ತಾರೆ, ಮೈನೋದ್ದೀನ ಈಗಲೂ ಅದು ಝೆನಾನಿಗೆ ಕೊಡುವ ಮರ್ಯಾದೆ ಎಂದೇ ತಿಳಿದಿದ್ದಾನೆ.

ಮೊನ್ನೆ ಮೈನಾಬಿ ಆಯಿಯನ್ನು ಕಾರಿನಲ್ಲಿ ಕೂಡಿಸಿಕೊಂಡು ಕಬರಸ್ತಾನದ ಮುಂದೆ ಹಾದು ಹೋದೆವು. ಆಯಿ ನಿಲ್ಲಿಸಲು ಹೇಳಿದಳು.

“ಆ ಕಬರ್ ಮ್ಯಾಲೆ ಮತ್ಯಾರಿಗೂ ಜಾಗಾ ಕೊಡಬ್ಯಾಡ ಮೈನೂ. ಅದು ನನಗಽ ಇರ್ಲಿ” ಎಂದಳು. “ಸಾಯಾಕ ಅಂಜಿಕಿ ಇರಲಿಲ್ಲ ನನಗ. ಒಳಗಿನ ಕತ್ತಲಿದಽ ಅಂಜಿಕಿ ಇತ್ತು. ಈಗ ಅಲ್ಲಿ ಎರಡು ದೀಪಾ ಅದಾವು.”

ಮೈನೋದ್ದೀನ ಮೂಗು ಒರೆಸಿಕೊಂಡು, “ಅವು ಹತ್ತಂಗಿಲ್ಲಮ್ಮಾ, ಸುಟ್ಟಾವು” ಎಂದ.

“ನೀ ಇರೂ ಕಡೆ ಹತ್ತಲಿಲ್ಲ” ಎಂದಳು ಆಯಿ. “ನಾ ಅಲ್ಲಿಗೆ ಹೋದ ಮ್ಯಾಲೆ ನೋಡೂಣಂತ, ನಡಿ.”